ರತ್ನಾಬಾಯಿ ಬಿಟ್ಟುಕೊಡದ ಏಕಾದಶಿ

ಧಾರವಾಡ ಬಿಟ್ಟು ತಿರುವನಂತಪುರದ ಮಗಳ ಮನೆ ಸೇರಿದ ಮೇಲೂ ರತ್ನಾಬಾಯಿ ತನ್ನದೆಂದು ಉಳಿಸಿಕೊಂಡದ್ದು ಏಕಾದಶಿಯನ್ನು. ಗಂಡ ತೀರಿಕೊಂಡಾಗ ಕುಂಕುಮ ಹೋಯಿತು, ಊರು ಹೋಯಿತು, ಸಕ್ಕರೆ ಕಾಯಿಲೆ ಬಂದು ಬಾಯಿಯ ಸಿಹಿಯೂ ಹೋಯಿತು. ಏಕಾದಶಿಯನ್ನು ಮಾತ್ರ ಯಾರ ಕೈಗೂ ಕೊಡಲಿಲ್ಲ.

೨೦೦೯ರಲ್ಲಿ ಅದಕ್ಕೂ ಕುತ್ತು ಬಂತು. ಪುಷ್ಯದ ಏಕಾದಶಿಯಂದು ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ ಕುಳಿತವಳು ದೇವರ ಮುಂದೆಯೇ ತಲೆ ತಿರುಗಿ ಬಿದ್ದಳು. ಡಾಕ್ಟರು ಬೈದರು. ಮಗಳು ನಿರ್ಮಲ ಇನ್ನೂ ಹೆಚ್ಚು ಬೈದಳು.

"ಇನ್ನ ಮ್ಯಾಲೆ ಏಕಾದಶಿ ಇಲ್ಲ, ಗೀಕಾದಶಿ ಇಲ್ಲ. ಎಲ್ಲಾರಂಗ ಅನ್ನ ಉಣ್ಣು."

ನೋಡಲು ಬಂದು ಉಳಿದಿದ್ದ ರತ್ನಾಬಾಯಿಯ ತಮ್ಮ ರಾಮದಾಸನದು ಬೇರೆಯೇ ರಾಗ. "ಉಪಾಸ ಅಂದ್ರ ನೀರೂ ಇಲ್ಲ, ಅಕ್ಕಾ. ಆಗೂದಿಲ್ಲಂದ್ರ ಬಿಟ್ಟುಬಿಡು."

ರತ್ನಾಬಾಯಿಗೆ ಮೈ ಉರಿಯಿತು. "ಹೊಟ್ಟಿ ನಂದು, ದೇವರು ನನ್ನಾಂವ. ನಡುವ ನಿಮ್ಮದೇನು?"

ಮೊಮ್ಮಗಳು ಪಾವನಾಗೆ ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಶಿಪ್ಪಿಂಗ್ ಆಫೀಸಿನಲ್ಲಿ ಕೆಲಸ. ರಜೆಗೆ ಬಂದವಳು ಅಜ್ಜಿಯ ಮಡಿಲಿಗೊಂದು ಪೊಟ್ಟಣ ಹಾಕಿದಳು. ಯಾವುದೋ ಹಡಗಿನ ಅಡಿಗೆಯವನು ಕೊಟ್ಟದ್ದಂತೆ. ರಾಜಗೀರಕ್ಕಿಂತ ದಪ್ಪ, ಸಾಬಕ್ಕಿಗಿಂತ ಸಣ್ಣ ಕಾಳು.

"ಕ್ವಿನೋವಾ, ಅಮ್ಮಮ್ಮೇ. ಅಕ್ಕಿ ಗೋಧಿ ಜಾತಿ ಅಲ್ಲ ಇದು, ನಿನ್ನ ಚಕ್ಕೋತ ಸೊಪ್ಪಿನ ಬಳಗದ ಬೀಜ. ಪ್ರೋಟೀನ್ ಅದ, ನಾರು ಅದ, ಕಬ್ಬಿಣ ಅದ. ಬಿಳೀ ಅನ್ನದಷ್ಟು ಲಗೂನ ಶುಗರ್ ಏರಸೂದಿಲ್ಲ. ಬೋಗುಣಿಗಟ್ಟಲೆ ತಿಂದ್ರ ಏರತದ, ಕೇಟ್ಟೋ, ತಿಳೀತಲ್ಲ!"

ಸೊಪ್ಪಿನ ಬೀಜವೆಂದರೆ ಧಾನ್ಯವಲ್ಲ. ಧಾನ್ಯವಲ್ಲವೆಂದರೆ ಫಲಾಹಾರ. ರತ್ನಾಬಾಯಿಗೆ ಅಷ್ಟು ಸಾಕಾಯಿತು.

ಪಾವನಾ ಕೊಚ್ಚಿಗೆ ಮರಳಿದ ಮೇಲೆ ಮಾಘದ ಏಕಾದಶಿ ಬಂತು. ಮಿಂದು ಮಡಿಯುಟ್ಟು ಒಲೆ ಹಚ್ಚಿದಳು. ಉಪವಾಸ ತಡೆಯದವರಿಗೆ ಮಾಡುವ ರವೆಯನ್ನು ಮೊದಲು ಹುರಿದುಕೊಳ್ಳುವುದು ಅವರ ಮನೆಯ ಪದ್ಧತಿ, ಹುರಿದರೆ ಅದು ಅನ್ನದಂತೆ ಮುಸುರೆಯಲ್ಲ. ಇದನ್ನೂ ಹಾಗೆಯೇ ಘಮ್ಮೆನ್ನುವಂತೆ ಹುರಿದು ಬೇಯಿಸಿದಳು. ತೊಳೆಯಲಿಲ್ಲ. ರವೆಯನ್ನು ಯಾರಾದರೂ ತೊಳೆಯುತ್ತಾರೆಯೇ? ಬಾಯಿಗಿಟ್ಟರೆ ಬೇವು.

ನೀರೂ ಮುಟ್ಟದೆ ಒಣಗಿದ ತುಟಿಯಲ್ಲೇ ರಾಮದಾಸ ನಕ್ಕ. "ದೇವರೇ ಬ್ಯಾಡ ಅಂದ, ನೋಡು."

"ಸಾಕಿನ್ನ. ಅನ್ನಕ್ಕಿಡತೀನಿ, ಸರಿ ಆಚೆ" ಎಂದು ನಿರ್ಮಲ ಕುಕ್ಕರ್ ಹಿಡಿದು ಬಂದಳು.

"ಮುಟ್ಟಬ್ಯಾಡ! ಮಡೀಲಿದ್ದೀನಿ!"

ಮಡಿಯ ಮುಂದೆ ಮಗಳ ಕೈ ಓಡಲಿಲ್ಲ. ರತ್ನಾಬಾಯಿ ಪೊಟ್ಟಣದಲ್ಲಿ ಉಳಿದ ಕಾಳನ್ನು ಬೆರಳಲ್ಲಿ ಉಜ್ಜಿ, ಬೆರಳನ್ನು ನೆಕ್ಕಿ ನೋಡಿದಳು. ಕಹಿ ಇರುವುದು ಮೈಮೇಲಿನ ಪುಡಿಯಲ್ಲಿ! ಕೈ ತೊಳೆದುಕೊಂಡು, ಕಾಳನ್ನು ನೀರಿಗೆ ಹಾಕಿ ತಿಕ್ಕಿದರೆ ಅಂಟುವಾಳದ ಹಾಗೆ ನೊರೆ ಎದ್ದಿತು.

"ಸಾಬೂನು ಹಚಗೊಂಡು ಬಂದೀಯೇನು, ಭಾಡ್ಯಾ? ತಡಿ, ನಿನ್ನ ಸ್ನಾನ ಮಾಡಸತೀನಿ."

ನೊರೆ ನಿಲ್ಲುವ ತನಕ ತೊಳೆದು, ಬಸಿದು, ಆಮೇಲೆ ಹುರಿದಳು. ಒಂದು ಪಾಲಿಗೆ ಎರಡು ಪಾಲು ನೀರಿಟ್ಟು ಸಣ್ಣ ಉರಿಯಲ್ಲಿ ಮುಚ್ಚಿದಳು. ಕಾಳು ಗಾಜಿನಂತಾಗಿ ಪುಟ್ಟ ಬಿಳಿ ಬಾಲ ಬಿಟ್ಟಾಗ ಜೀರಿಗೆ, ಶುಂಠಿ, ಹಸಿಮೆಣಸಿನ ಒಗ್ಗರಣೆ ಕೊಟ್ಟು, ಸೈಂಧವ ಉಪ್ಪು, ಶೇಂಗಾಪುಡಿ, ಕಾಯಿತುರಿ ಬೆರೆಸಿದಳು. ಒಂದೇ ಬಟ್ಟಲು ಬಡಿಸಿಕೊಂಡು ತಮ್ಮನ ಎದುರಿಗೇ ಕುಳಿತು ತಿಂದಳು. ಗುಳಿಗೆ ನುಂಗಿದಳು.

"ಇದಕ್ಕ ಉಪಾಸ ಅನ್ನೂದಿಲ್ಲ, ಅಕ್ಕಾ."

"ನೀ ಅನಬ್ಯಾಡ. ನಾ ಅಂತೀನಿ."

ಸಂಜೆ ಮೂವರೂ ಪದ್ಮನಾಭನ ಗುಡಿಗೆ ಹೊರಟರು. ತಾಯಿ ಎಲ್ಲಿ ಬೀಳುತ್ತಾಳೋ ಎಂದು ನಿರ್ಮಲ ಬೆನ್ನಿಗೇ ಇದ್ದಳು. ಗುಡಿಯ ಬಾಗಿಲಿನ ಮೆಟ್ಟಿಲಲ್ಲಿ ಏದುಸಿರು ಬಿಟ್ಟು ನಿಂತವನು ರಾಮದಾಸ. ರತ್ನಾಬಾಯಿ ಎರಡು ಮೆಟ್ಟಿಲು ಇಳಿದು ಬಂದು ಅವನ ರಟ್ಟೆ ಹಿಡಿದಳು.

"ಕೈ ಕೊಡು. ನಿನ್ನ ಏಕಾದಶಿ ನಿನಗ, ನನ್ನ ಏಕಾದಶಿ ನನಗ."

ಆಮೇಲೆ ಮಗಳತ್ತ ತಿರುಗಿದಳು. "ಪಾವನಾಗ ಫೋನ್ ಹಚ್ಚು. ಮುಂದಿನ ಏಕಾದಶಿಯೊಳಗ ಇನ್ನೊಂದು ಪೊಟ್ಟಣ ಬರಬೇಕಂತ ಹೇಳು."

ನಿರ್ಮಲ ಚೀಲದಿಂದ ಫೋನು ತೆಗೆದಳು.