ಕೆಳಗಿನ ಗಾಜು

ದುರ್ಬೀನು ಯಜಮಾನರ ಮನೆಯಲ್ಲಿ ಹೊಗಳಿಕೆ ಒಂದು ಕಡೆ ಹೋಗುತ್ತಿತ್ತು, ಬೈಗುಳ ಇನ್ನೊಂದು ಕಡೆ. ಊಟಕ್ಕೆ ಬಂದವರು ಅಡುಗೆ ಚೆನ್ನಾಗಿದೆ ಎಂದರೆ ಯಜಮಾನರು ಕೈ ತೊಳೆಯುತ್ತ, "ನಮ್ಮನೇಲಿ ಯಾವಾಗ್ಲೂ ಹೀಗೇ" ಎನ್ನುತ್ತಿದ್ದರು. ಉಪ್ಪು ಒಂದು ಚಿಟಿಕೆ ಹೆಚ್ಚಾದ ದಿನ ಮಾತ್ರ ಹೆಂಡತಿಯತ್ತ ಬೆರಳು ಮಾಡಿ, "ಇವಳು ಮಾಡಿದ್ದು" ಎನ್ನುತ್ತಿದ್ದರು.

ಆ ಹೆಂಡತಿ ಹುಟ್ಟಿದ್ದೇ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ. ಅಪ್ಪ ಮಸೂರ ಉಜ್ಜುತ್ತಿದ್ದರು. ಮಗಳು ಓದು ಬರಹಕ್ಕಿಂತ ಮೊದಲು ಗಾಜಿನ ಅಂಚನ್ನು ಬೆರಳಿಂದ ತಿಳಿಯಲು ಕಲಿತಳು. ಮಾತಿನಲ್ಲೇ ಗಿರಾಕಿಯನ್ನು ಮರುಳು ಮಾಡಬಲ್ಲ ಒಬ್ಬರು ಅಂಗಡಿಯ ಕೆಲಸಕ್ಕೆ ಸೇರಿದರು, ಅಳಿಯನೂ ಆದರು. ಅಪ್ಪ ತೀರಿಕೊಂಡ ಮೇಲೆ ಅಂಗಡಿಯ ಹಲಗೆಗೆ ಅಳಿಯನ ಹೆಸರು ಬಂತು. ಉಜ್ಜುವ ಪುಡಿ, ರಾಳ, ಅಚ್ಚುಗಳೆಲ್ಲ ಮನೆಯ ಹಿತ್ತಿಲಿಗೆ, ಪಾತ್ರೆ ತೊಳೆಯುವ ಜಾಗಕ್ಕೆ ಬಂದವು. ಅವುಗಳ ಹಿಂದೆಯೇ ಆಕೆಯೂ.

ಯಜಮಾನರಿಗೆ ಆಕಾಶದ ಹುಚ್ಚು ಹಿಡಿದದ್ದೇನೋ ನಿಜ. ಆಕಾಶ ನೋಡುವವರ ಸಂಘ ಕಟ್ಟಿದರು, ಕರೆದಲ್ಲೆಲ್ಲ ಭಾಷಣ ಮಾಡಿದರು. "ದುರ್ಬೀನು ಹುಟ್ಟಿದ್ದೇ ನಮ್ಮಂಥ ಕನ್ನಡಕದಂಗಡೀಲಿ" ಎಂದು ಶುರುಮಾಡಿದರೆ ನಾನೂರು ವರ್ಷ ದಾಟುವವರೆಗೆ ನಿಲ್ಲುತ್ತಿರಲಿಲ್ಲ. ಯಾರೋ ಕೊಳವೆಯ ಎರಡು ತುದಿಗೆ ಎರಡು ಮಸೂರ ಕೂಡಿಸಿದ್ದು. ನೋಡಿದ್ದರ ಸುತ್ತೆಲ್ಲ ಬಣ್ಣದ ಅಂಚು ಮೂಡಿ ಕಾಟ ಕೊಟ್ಟದ್ದು. ಅದಕ್ಕೆ ಮದ್ದಾಗಿ ತಾಮ್ರ ತವರ ಬೆರೆಸಿದ ತಗ್ಗುಗನ್ನಡಿ ಬಂದದ್ದು. ಅದು ಮಂಕಾದಾಗಲೆಲ್ಲ ಮತ್ತೆ ಉಜ್ಜಿ ಉಜ್ಜಿ ಸಾಕಾಗಿ, ಕೊನೆಗೆ ಗಾಜಿಗೆ ಬೆಳ್ಳಿ ಹಚ್ಚಲು ಕಲಿತದ್ದು. ಸಭೆಗೆ ತುಂಬ ಇಷ್ಟವಾಗುತ್ತಿದ್ದುದು ಮಾತ್ರ ಒಂದೇ ಕತೆ. ಹಿಂದೊಬ್ಬ ಖಗೋಳಜ್ಞ ಹದಿನಾರು ಗಂಟೆ ಕನ್ನಡಿಯಿಂದ ಕೈ ತೆಗೆಯದೆ ಉಜ್ಜಿದನಂತೆ. ಅವನ ತಂಗಿ ತುತ್ತು ಮಾಡಿ ಬಾಯಿಗಿಟ್ಟಳಂತೆ. "ಎಂಥ ತಪಸ್ಸು!" ಎಂದು ಯಜಮಾನರು ಕಣ್ಣು ಮುಚ್ಚುತ್ತಿದ್ದರು.

ಒಮ್ಮೆ ಹಿಂದಿನ ಸಾಲಿನಲ್ಲಿ ಕೂತಿದ್ದ ಅವರ ಮಗಳು ಅಮ್ಮನ ಕಿವಿಯಲ್ಲಿ, "ನಿಂಗೆ ಯಾರು ತಿನ್ನಿಸಿದ್ರಮ್ಮ?" ಎಂದಳು.

"ನಂಗಾ? ನಾನು ಮಧ್ಯ ಎದ್ದು ಹೋಗಿ ಅವರಿಗೇ ಬಡಿಸಿ ಬಂದೆ."

ಏಕೆಂದರೆ ಸಂಘದ ಎಲ್ಲ ದುರ್ಬೀನುಗಳ ಕನ್ನಡಿ ಉಜ್ಜಿದವಳು ಆಕೆ. ನೀರು ತುಂಬಿದ ಡ್ರಮ್ಮಿನ ಮೇಲೆ ಒಂದು ದಪ್ಪ ಗಾಜಿನ ಬಿಲ್ಲೆ, ಅದರ ಮೇಲೆ ಅಷ್ಟೇ ಅಗಲದ ಇನ್ನೊಂದು, ನಡುವೆ ಒದ್ದೆ ಪುಡಿ. ಗಾಣದೆತ್ತಿನ ಹಾಗೆ ಡ್ರಮ್ಮನ್ನು ಸುತ್ತುತ್ತ ಮೇಲಿನ ಗಾಜನ್ನು ಹಿಂದೆ ಮುಂದೆ ತಳ್ಳುತ್ತಿರಬೇಕು. ತಿಂಗಳುಗಟ್ಟಲೆ ಹೀಗೆ ತಳ್ಳಿದರೆ ಮೇಲಿನದು ನಡುವೆ ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ತಗ್ಗಾದದ್ದು ನಯವಾಗಿ, ಬೆಳ್ಳಿ ಹಚ್ಚಿಸಿಕೊಂಡು ದುರ್ಬೀನಿಗೆ ಹೋಗುತ್ತದೆ. ಅದರಷ್ಟೇ ಸವೆದ ಕೆಳಗಿನ ಗಾಜು ಹಿತ್ತಿಲಲ್ಲಿ ಉಳಿಯುತ್ತದೆ. ಅಂಥವನ್ನು ಆಕೆ ಹಿಟ್ಟಿನ ಡಬ್ಬಗಳಿಗೆ ಮುಚ್ಚಳ ಮಾಡಿಕೊಂಡಿದ್ದಳು.

ಈ ಸಲದ ದುರ್ಬೀನು ಗ್ರಂಥಾಲಯದ ತಾರಸಿಗೆ, ಎಲ್ಲಕ್ಕಿಂತ ದೊಡ್ಡದು. ಕನ್ನಡಿ ಮುಗಿದ ವಾರ ಯಜಮಾನರು ಹಿತ್ತಾಳೆಯ ತಗಡೊಂದನ್ನು ತಂದು ಮೇಜಿನ ಮೇಲಿಟ್ಟರು. ನಿರ್ಮಿಸಿದವರು ಎಂದು ಕೊರೆದು ಕೆಳಗೆ ಅವರ ಹೆಸರೊಂದನ್ನೇ ಹಾಕಿಸಿದ್ದರು. ಆಕೆ ಸೊಂಟ ಹಿಡಿದುಕೊಂಡು ಬಗ್ಗಿ ಓದಿದಳು.

"ನನ್ನ ಹೆಸರೂ ಹಾಕ್ಸಿ. ಇದೊಂದಕ್ಕಾದ್ರೂ."

ಸಂಘದ ಇಬ್ಬರು ಎದುರಿಗೆ ಟೀ ಕುಡಿಯುತ್ತ ಕೂತಿದ್ದರು. ಯಜಮಾನರಿಗೆ ಹುರುಪು ಬಂತು. "ನಿನ್ನ ಹೆಸರು ಹಾಕಿದ್ರೆ ಆ ಡ್ರಮ್ಮಿಂದೂ ಹಾಕಿಸ್ಬೇಕಾಗುತ್ತೆ ಕಣೇ. ಅದೂ ಪಾಪ, ಅಷ್ಟು ದಿನ ನಿಂತೇ ಇತ್ತು!"

ಮೂವರೂ ನಕ್ಕರು. ಆಕೆ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ತೊಳೆಯುವಾಗ ಒಂದು ಲೋಟ ಒಡೆಯಿತು. ಕೈಜಾರಿ ಒಡೆದದ್ದಲ್ಲ.

ಮಾರನೆಯ ದಿನ ಮುಗಿದ ಕನ್ನಡಿಯನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಬೀರುವಿನೊಳಗಿಟ್ಟು ಬೀಗ ಹಾಕಿದಳು. ಕೆಳಗಿನ ಗಾಜನ್ನು ಡ್ರಮ್ಮಿನ ಮೇಲಿಟ್ಟು ಅದನ್ನೇ ನಯ ಮಾಡತೊಡಗಿದಳು.

ಮಗಳು ಬಂದು ನೋಡಿದಳು. "ಅಮ್ಮ, ಇದು ಉಬ್ಬಿರೋದಲ್ವಾ? ಇದನ್ನ ಹಾಕಿದ್ರೆ ಏನೂ ಕಾಣಲ್ಲ."

"ಕಾಣಬಾರದು."

"ಅಪ್ಪಂಗೆ ಗೊತ್ತಾದ್ರೆ?"

"ಗೊತ್ತಾಗೋಕೆ ಒಂದ್ಸಲ ಆದ್ರೂ ಉಜ್ಜಿರ್ಬೇಕು."

ಯಾವ ಗಾಜಿನ ಮೇಲೂ ಆಕೆ ಅಷ್ಟು ಪ್ರೀತಿಯಿಂದ ಕೈಯಾಡಿಸಿರಲಿಲ್ಲ. ಸುತ್ತು ಬರುವಾಗಲೆಲ್ಲ ಆ ಮೂವರ ನಗು ಕಿವಿಗೆ ಬೀಳುತ್ತಿತ್ತು, ಕೈ ಇನ್ನಷ್ಟು ಚುರುಕಾಗುತ್ತಿತ್ತು. ಬೆಳ್ಳಿಯ ದ್ರಾವಣಕ್ಕೆ ಸಕ್ಕರೆ ನೀರು ಸುರಿದಾಗ ಗಾಜು ಫಳಫಳ ಹೊಳೆಯಿತು. ಯಜಮಾನರು ಬಂದು ಅದರಲ್ಲಿ ಮುಖ ನೋಡಿಕೊಂಡರು. ತಗ್ಗುಗನ್ನಡಿಯಾದರೆ ಮೂಗು ದಪ್ಪಗೆ ಕಾಣುತ್ತದೆ. ಉಬ್ಬಿದ್ದರಲ್ಲಿ ಮುಖ ತುಸು ಚಿಕ್ಕದಾಗಿ, ಅಚ್ಚುಕಟ್ಟಾಗಿ ಕೂರುತ್ತದೆ. ಅವರು ಮೀಸೆ ತೀಡಿಕೊಂಡು, "ಈ ಸಲ ಚೆನ್ನಾಗಿ ಬಂದಿದೆ" ಎಂದು ತೆಗೆದುಕೊಂಡು ಹೋದರು.

ಹೊಸ ದುರ್ಬೀನಿನಲ್ಲಿ ಮೊದಲ ನೋಟ ಅತಿಥಿಯದ್ದೇ ಆಗಬೇಕು, ಅಲ್ಲಿವರೆಗೆ ಯಾರೂ ಕಣ್ಣಿಡಬಾರದು ಎಂಬುದು ಸಂಘದ ಪದ್ಧತಿ. ಯಜಮಾನರೇ ಹುಟ್ಟುಹಾಕಿದ್ದು. ಇಷ್ಟು ವರ್ಷ ಅದು ಮರ್ಯಾದೆಯಾಗಿ ನಡೆದುಬಂದಿದ್ದರೆ, ಆಕೆ ಪ್ರತಿ ಕನ್ನಡಿಯನ್ನೂ ಹಿತ್ತಿಲಲ್ಲೇ ಪರೀಕ್ಷಿಸಿ ಕಳಿಸುತ್ತಿದ್ದುದರಿಂದ.

ಉದ್ಘಾಟನೆಯ ಸಂಜೆ ಅರ್ಧಚಂದ್ರ ಮೇಲೆ ಬಂದಿದ್ದ. ಅತಿಥಿ ಕಣ್ಣಿನ ಡಾಕ್ಟರು, ನೆಟ್ಟಗೆ ಮಾತಾಡುವ ಹೆಂಗಸು. ಭಾಷಣವಾಯಿತು, ತಂಗಿಯ ತುತ್ತಿನ ಕತೆಯಾಯಿತು, ಚಪ್ಪಾಳೆಯಾಯಿತು. ಡಾಕ್ಟರು ಬಗ್ಗಿ ಕಣ್ಣಿಟ್ಟರು.

"ಬರೀ ಮಂಜು."

ಯಜಮಾನರು ತಿರುಪು ತಿರುಗಿಸಿದರು. "ಈಗ?"

"ಈಗಲೂ ಮಂಜೇ."

"ಸ್ವಲ್ಪ ಕಣ್ಣು ಕಿರಿದು ಮಾಡಿ ನೋಡಿ ಮೇಡಂ."

"ನನ್ನ ಕಣ್ಣಿಗೇನೂ ಆಗಿಲ್ಲ ಸ್ವಾಮಿ. ಬೇರೆಯವರ ಕಣ್ಣು ನೋಡೋಳು ನಾನು."

ಜನ ಗೊಳ್ಳೆಂದರು. ಒಬ್ಬೊಬ್ಬರೇ ಬಂದು ಬಗ್ಗಿ ನೋಡಿ ತಲೆಯಾಡಿಸಿ ಹೋದರು. ಗ್ರಂಥಪಾಲಕಿ ಕೊಳವೆಗೆ ಬಿಗಿದಿದ್ದ ತಗಡಿನ ಕಡೆ ನೋಡಿ, "ಮಾಡಿದೋರು ನೀವೇ ತಾನೆ ಯಜಮಾನ್ರೇ? ಏನಾಗಿದೆ ಹೇಳಿ" ಎಂದರು.

ಹೆಂಡತಿ ಮೂರನೆಯ ಸಾಲಿನಲ್ಲಿ ಮಡಿಲಲ್ಲಿ ಚೀಲ ಇಟ್ಟುಕೊಂಡು ಕಾಯುತ್ತಿದ್ದಳು. ಉಪ್ಪು ಹೆಚ್ಚಾಗಿತ್ತು. ಇನ್ನು ಬೆರಳು ಏಳಬೇಕು.

ಎದ್ದಿತು. ಮೈಕು ಇನ್ನೂ ಯಜಮಾನರ ಇನ್ನೊಂದು ಕೈಯಲ್ಲೇ ಇತ್ತು. "ನಾನಲ್ಲ! ಇವಳು ಮಾಡಿದ್ದು! ಕನ್ನಡಿ ಪೂರ್ತಿ ಇವಳೇ ಉಜ್ಜಿದ್ದು, ನಾನು ಕೈಯೂ ಇಟ್ಟಿಲ್ಲ!"

ಆ ಮಾತು ಬೀದಿಯ ತುದಿಯವರೆಗೆ ಮೊಳಗಿತು.

ಆಕೆ ಎದ್ದು ನಿಂತಳು. "ಇನ್ನೊಂದ್ಸಲ ಹೇಳಿ, ಹಿಂದೆ ಕೂತೋರಿಗೆ ಕೇಳಿಸ್ಲಿಲ್ಲ. ಹೋದ ಸಲದ್ದು ಯಾರು ಮಾಡಿದ್ದು? ಅದಕ್ಕೂ ಹಿಂದಿಂದು?"

ಯಜಮಾನರು ಎತ್ತಿದ ಬೆರಳನ್ನು ಇಳಿಸಿದರು. ಆಕೆ ಚೀಲದಿಂದ ಬೀರುವಿನ ಕನ್ನಡಿಯನ್ನು ತೆಗೆದು ಎತ್ತಿ ಹಿಡಿದಳು. "ಇದು ಮೇಲಿನ ಗಾಜು. ಅದರೊಳಗೆ ಇರೋದು ಕೆಳಗಿಂದು. ಆ ತಗಡು ಬಿಚ್ಚಿದ್ರೆ ಬದಲಾಯಿಸ್ತೀನಿ. ಇಲ್ಲಾಂದ್ರೆ ಮನೆಗೆ ತಗೊಂಡು ಹೋಗ್ತೀನಿ, ಹಿಟ್ಟಿನ ಡಬ್ಬಕ್ಕೆ ಮುಚ್ಚಳ ಬೇಕಾಗಿದೆ."

"ಮನೇಲಿ ಮಾತಾಡೋಣ ಕಣೇ," ಎಂದರು ಯಜಮಾನರು ಮೆಲ್ಲಗೆ. ಮೈಕು ಅದನ್ನೂ ಬಿಡಲಿಲ್ಲ.

"ಬಿಚ್ರೀ ಸ್ವಾಮಿ," ಎಂದರು ಡಾಕ್ಟರು, "ಚಂದ್ರ ಕಾಯಲ್ಲ."

ಸ್ಕ್ರೂಡ್ರೈವರನ್ನು ಮಗಳು ಅಪ್ಪನ ಕೈಗೇ ಕೊಟ್ಟಳು. ತಗಡು ಕಳಚಿ ಬಂತು. ಆಕೆ ಕೊಳವೆಯ ಬುಡದಲ್ಲಿ ಮಂಡಿಯೂರಿ ಕೆಳಗಿನ ಗಾಜನ್ನು ತೆಗೆದು, ಮೇಲಿನದನ್ನು ಇಟ್ಟು ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ಮಗಳು ತಿರುಪು ಬಿಗಿಯುತ್ತಿದ್ದಳು. ಪಕ್ಕದ ಮೇಜಿನ ಮೇಲೆ ಅತಿಥಿಗಳಿಗೆಂದು ಇಟ್ಟ ಬಿಸ್ಕತ್ತಿನ ತಟ್ಟೆಯಿತ್ತು.

"ಏನ್ರೀ," ಎಂದಳು ಆಕೆ, ತಲೆಯೆತ್ತದೆ. "ಬೆಳಗ್ಗಿಂದ ಏನೂ ತಿಂದಿಲ್ಲ ನಾನು. ಕೈ ತೆಗೆಯೋ ಹಾಗಿಲ್ಲ. ಆ ತಂಗಿ ಕತೆ ಈಗ ತಾನೆ ಹೇಳಿದ್ರಲ್ಲ."

ತಾರಸಿಯೆಲ್ಲ ನೋಡುತ್ತಿತ್ತು. ಯಜಮಾನರು ಬಗ್ಗಿ, ಬಿಸ್ಕತ್ತು ಮುರಿದು ಆಕೆಯ ಬಾಯಿಗಿಟ್ಟರು. ಆಕೆ ನಿಧಾನವಾಗಿ, ಒಂದಿಷ್ಟೂ ಅವಸರವಿಲ್ಲದೆ ಅಗಿದು ನುಂಗಿದಳು.

"ಇನ್ನೊಂದು," ಎಂದಳು.