ಎಂಜಿನ್ ಇಲ್ಲದ ದೋಣಿ

ಎಂಜಿನ್ ಕೊಳ್ಳುವಷ್ಟು ದುಡ್ಡು ಯಾವತ್ತೂ ಕೂಡಲಿಲ್ಲ, ಹಾಗಾಗಿ ನನ್ನ ಹಳೇ ದೋಣಿಗೆ ಹಾಯಿಯೇ ಗತಿ. ಮೊಬೈಲ್ ಇನ್ನೂ ಅಪರೂಪವಾಗಿದ್ದ ಆ ವರ್ಷ ತೆಂಗಿನಗುಂಡಿಯಿಂದ ಕುಮಟಾಕ್ಕೆ ಒಬ್ಬನೇ ಹೊರಟಿದ್ದೆ. ಹೊನ್ನಾವರದ ಹತ್ತಿರ ಗಾಳಿ ಪೂರ್ತಿ ನಿಂತಿತು. ನೀರಿನ ಸೆಳೆತ ದೋಣಿಯನ್ನು ಹೊಳೆ ಕಡಲು ಸೇರುವ ಅಳಿವೆಯ ಕಡೆ, ತೆರೆ ಒಡೆಯುವಲ್ಲಿಗೆ ಒಯ್ಯತೊಡಗಿತು. ಅಂಗೈ ಸುಲಿಯುವವರೆಗೆ ಹುಟ್ಟು ಹಾಕಿದೆ.

ಮೀನು ಹಿಡಿದು ಮರಳುತ್ತಿದ್ದ ಮುದುಕರೊಬ್ಬರು ತಮ್ಮ ಮೋಟಾರು ದೋಣಿಯನ್ನು ಹತ್ತಿರ ತಂದರು.

"ಎಂಜಿನ್ ಹಾಳಾತಾ?"

"ಎಂಜಿನ್ನೇ ಇಲ್ಲ."

"ಗಾಳಿ ಇಲ್ದಿದ್ರೆ ಎಂತ ಮಾಡ್ತ್ರಿ?"

"ಕಾಯ್ತೇನೆ."

ಅವರು ತೆರೆಗಳ ಕಡೆ ನೋಡಿದರು. "ಇಲ್ಲಿ ಕಾಯೂದು ಬೇಡ," ಎಂದು ಹಗ್ಗ ಎಸೆದು, ಹೊನ್ನಾವರ ಬಂದರಿನ ಧಕ್ಕೆಯವರೆಗೆ ಎಳೆದು ತಂದರು.

ದೋಣಿ ಕಟ್ಟುತ್ತಿದ್ದಂತೆ ಗಾಳಿ ಎದ್ದಿತು. ನನಗೆ ಹಾಯಿ ಎತ್ತುವ ಶಕ್ತಿ ಉಳಿದಿರಲಿಲ್ಲ. ಮುದುಕರು ನನ್ನ ಅಂಗೈ ನೋಡಿ, "ಕುಮಟಾಕ್ಕೆ ಬಸ್ಸುಂಟು," ಅಂದರು.

ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಗಾಳಿ ಚೆನ್ನಾಗಿತ್ತು.