ಹೆಬ್ಬೆರಳು ಎತ್ತುವ ಅಧಿಕಾರ

ಲೈಲ್ ನೋಸ್ಕೆ ನಲವತ್ತು ವರ್ಷ ಬೇರೆಯವರ ದನಗಳಿಗೆ ನೀರು ಕುಡಿಸಿದ ಮನುಷ್ಯ. ದಕ್ಷಿಣ ಆಸ್ಟ್ರೇಲಿಯಾದ ಒಣ ಸೀಮೆಯಲ್ಲಿ ಯಾವ ಫಾರ್ಮಿನ ಕೊಳವೆಬಾವಿ ಕೈಕೊಟ್ಟರೂ ಅವನಿಗೇ ಬುಲಾವು ಬರುತ್ತಿತ್ತು. ಅಡುಗೆಮನೆ ಬಾಗಿಲಲ್ಲಿ ನಿಂತು ಚಹಾ ಕುಡಿದು, ಇನ್ನೊಬ್ಬರ ಕೊಟ್ಟಿಗೆಯಲ್ಲಿ ಮಲಗಿ ಸಾಕಾಗಿ ಹೋಗಿತ್ತು ಅವನಿಗೆ. ಕೆಲಸ ಬಿಟ್ಟ ದಿನವೇ ಒಂದು ಹಟ ಹಿಡಿದ. ಯಾರ ಹಂಗೂ ಇಲ್ಲದ ಒಂದು ಗಾಡಿ ಕಟ್ಟಬೇಕು. ಅದರಲ್ಲೇ ಅಡುಗೆ, ಅದರಲ್ಲೇ ನಿದ್ದೆ, ರಸ್ತೆ ಇಲ್ಲದ ಕಡೆಗೂ ಹೋಗಬೇಕು.

ಸೈನ್ಯದವರು ಬಿಸಾಕಿದ ಹಳೇ ಲಾರಿ ಹರಾಜಿನಲ್ಲಿ ಸಿಕ್ಕಿತು. ಕ್ವಾರ್ನ್ ಊರಿನ ತನ್ನ ಶೆಡ್ಡಿನಲ್ಲಿ ನಾಲ್ಕು ವರ್ಷ ಅದರ ಬೆನ್ನಿಗೆ ಬಿದ್ದ. ಪ್ಲೈವುಡ್ಡು, ಅಲ್ಯೂಮಿನಿಯಂ ತಗಡು ಸೇರಿಸಿ ಮನೆ ಎಬ್ಬಿಸಿದ. ಚಾವಣಿಯಲ್ಲಿ ಮುಂದಕ್ಕೆ ಬಾಯಿ ತೆರೆದ ಒಂದು ಕಿಂಡಿ ಇಟ್ಟ. ಗಾಡಿ ಓಡುವಾಗ ಅದರಿಂದ ಗಾಳಿ ಒಳಗೆ ತುಂಬಿ, ಕೆಳಗಿನ ಸಂದುಗಳಿಂದ ಧೂಳು ಬರದಂತೆ ತಡೆಯುತ್ತಿತ್ತು. ಕಟ್ಟಿದ್ದಕ್ಕಿಂತ ನೋಡಿಕೊಂಡದ್ದೇ ಹೆಚ್ಚು ಅನ್ನಬೇಕು. ಪ್ರತಿ ನಟ್ಟಿನಿಂದ ಅದು ಕೂತ ಜಾಗದವರೆಗೆ ಹಳದಿ ಬಣ್ಣದ ಗೆರೆ ಎಳೆದಿದ್ದ. ಗೆರೆ ಕೂಡದಿದ್ದರೆ ನಟ್ಟು ಸಡಿಲವಾಗಿದೆ ಎಂದರ್ಥ. ದಿನಾ ಬೆಳಿಗ್ಗೆ ಸ್ಪ್ಯಾನರ್ ಹಿಡಿದು ಗಾಡಿಗೆ ಒಂದು ಸುತ್ತು ಬರುತ್ತಿದ್ದ. ಹೆಂಡತಿ ವರ್ನಾ ಅದಕ್ಕೆ ಪೂಜೆ ಎಂದು ಹೆಸರಿಟ್ಟಿದ್ದಳು.

ಗಾಡಿಯ ಜೀವ ಇದ್ದದ್ದು ಹೊಟ್ಟೆಯಡಿಯ ಎರಡು ನೀರಿನ ಟ್ಯಾಂಕುಗಳಲ್ಲಿ. ಎಡಗಡೆಯದು ಬಳಸುವುದಕ್ಕೆ, ಬಲಗಡೆಯದನ್ನು ಮನೆ ಸೇರುವ ತನಕ ಮುಟ್ಟುವ ಹಾಗಿಲ್ಲ. ತುಂಬಿಸುವ ಬಾಯಿ ಒಂದೇ ಆದ್ದರಿಂದ ಎರಡನ್ನೂ ಕೂಡಿಸುವ ಕೊಳವೆಯ ನಡುವೆ ಒಂದು ಹಿತ್ತಾಳೆ ನಲ್ಲಿ ಇತ್ತು. ತುಂಬಿಸುವಾಗ ತೆರೆಯಬೇಕು, ತುಂಬಿದ ಮೇಲೆ ಮುಚ್ಚಬೇಕು.

ಸಾವಿರದ ಒಂಬೈನೂರ ತೊಂಬತ್ತನಾಲ್ಕರ ನವೆಂಬರಿನಲ್ಲಿ ಗಾಡಿ ಮುಗಿಯಿತು. ಆ ದೇಶದಲ್ಲಿ ಅದು ಬೇಸಿಗೆ ಕಾಲಿಡುವ ಹೊತ್ತು, ಚಳಿ ಶುರುವಾಗುವುದು ಮೇ ತಿಂಗಳಿಗೆ. ಬುದ್ಧಿ ಇರುವವರು ಉತ್ತರದ ಮರುಭೂಮಿಗೆ ಹೋಗುವುದು ಚಳಿಗಾಲದಲ್ಲಿ. ಮಗಳು ಜನೀನ್ ಮೇ ತಿಂಗಳವರೆಗೆ ತಡೆಯಿರಿ ಎಂದು ಗೋಗರೆದಳು. ವರ್ನಾಳಿಗೆ ಇದ್ದದ್ದು ಒಂದೇ ಮೂತ್ರಪಿಂಡ. ಒಂದು ದಿನವೂ ನೀರು ಕಮ್ಮಿಯಾಗಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಲೈಲ್ ನಕ್ಕುಬಿಟ್ಟ. ನೂರಾ ಅರವತ್ತು ಲೀಟರ್ ನೀರು ಹೊತ್ತ ಗಾಡಿಯ ಮುಂದೆ ಆ ಮಾತು ಆಡಬಾರದು ಎಂಬಂತಿತ್ತು ಅವನ ನಗು.

ಮರ್ರೀ ಎಂಬಲ್ಲಿ ಕೊನೆಯ ಸಲ ನೀರು ತುಂಬಿಸಿದರು. ಅಲ್ಲೊಬ್ಬ ಪ್ರವಾಸಿ ಗಾಡಿಯ ಸುತ್ತ ತಿರುಗಿ ಕಣ್ಣರಳಿಸಿದ. ಅಷ್ಟು ಸಾಕಿತ್ತು ಲೈಲ್‌ಗೆ. ಅಡಿಯಿಂದ ಮುಡಿಯವರೆಗೆ ಗಾಡಿ ತೋರಿಸಿ, ಯಾರ ಹಂಗೂ ಇಲ್ಲ ಎಂದು ನಾಲ್ಕು ಸಲ ಹೇಳಿ, ಉಬ್ಬಿಕೊಂಡೇ ಹೊರಟ.

ಮಾರನೇ ದಿನ ಹನ್ನೊಂದು ಗಂಟೆಗೆ, ಸುತ್ತ ಒಂದು ಮರವೂ ಕಾಣದ ಜಾಗದಲ್ಲಿ, ಹಿಂದುಗಡೆ ಢಮಾರ್ ಅಂದಿತು. ಎಡಗಡೆಯ ಸ್ಪ್ರಿಂಗಿನ ದೊಡ್ಡ ಪಟ್ಟಿ ತುಂಡಾಗಿ ಗಾಡಿಯ ಮೈ ಟಯರಿನ ಮೇಲೆ ಕೂತುಬಿಟ್ಟಿತ್ತು. ಬಿಸಿಲು ಆಗಲೇ ನಲವತ್ತು ಡಿಗ್ರಿ ದಾಟಿತ್ತು. ಲೈಲ್‌ಗೆ ಒಳಗೊಳಗೇ ಖುಷಿ. ಬದಲಿ ಪಟ್ಟಿ ಅವನ ಬಳಿ ಇತ್ತು, ತನ್ನ ಹೆಚ್ಚುಗಾರಿಕೆ ತೋರಿಸಲು ಇದಕ್ಕಿಂತ ಬೇರೆ ಬೇಕೆ? ಅಷ್ಟರಲ್ಲಿ ಎದುರಿನಿಂದ ಕೆಂಪು ಜೀಪೊಂದು ಬಂತು. ಆ ದಾರಿಯಲ್ಲಿ ನಿಂತ ಗಾಡಿಯನ್ನು ವಿಚಾರಿಸದೆ ಯಾರೂ ಮುಂದೆ ಹೋಗುವುದಿಲ್ಲ. ಕೇಳಿಸಿಕೊಂಡವರು ತೊಂದರೆ ಇಲ್ಲವಾದರೆ ಹೆಬ್ಬೆರಳು ಎತ್ತಬೇಕು. ಜೀಪಿನಲ್ಲಿದ್ದವಳು ಲೀಯಾನ್, ಪಕ್ಕದ ಫಾರ್ಮಿನಲ್ಲಿ ಬೇಲಿ ಕೆಲಸದವಳು.

"ಎಲ್ಲಾ ಸರಿಯಾ, ಯಜಮಾನ್ರೇ? ನಾನು ಮೂವತ್ತು ಕಿಲೋಮೀಟರ್ ಆಚೆ ಬೇಲಿ ಹತ್ರ ಉಳ್ಕೋತೀನಿ. ವಾಪಸ್ ಬರೋದು ನಾಳೆ ಸಂಜೆಗೇ."

ಲೈಲ್ ಗಾಡಿಯ ಅಡಿಯನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಆದರೂ ಹೆಬ್ಬೆರಳು ತಾನಾಗಿ ಮೇಲೆ ಹೋಯಿತು. ಜೀಪು ಧೂಳೆಬ್ಬಿಸಿ ಕಣ್ಮರೆಯಾಯಿತು.

ಜಾಕು ಇಡಲು ಅಡಿಗೆ ತೂರಿದಾಗ ಮೊಣಕೈಗೆ ತಣ್ಣಗೆ ತಾಕಿತು. ಮರಳು ಒದ್ದೆ. ತುಂಡಾದ ಪಟ್ಟಿ ಬಡಿದು ಎಡ ಟ್ಯಾಂಕಿನ ತಳದ ನಲ್ಲಿ ಕಿತ್ತುಹೋಗಿತ್ತು. ಹೋಗಲಿ, ಬಲಗಡೆಯದು ಇದೆಯಲ್ಲ ಎಂದು ಅದನ್ನು ತಟ್ಟಿದ. ಖಾಲಿ ಡಬ್ಬದ ಸದ್ದು ಬಂತು. ನಡುವಿನ ಹಿತ್ತಾಳೆ ನಲ್ಲಿ ಪೂರ್ತಿ ತೆರೆದೇ ಇತ್ತು, ಬಲಗಡೆಯ ನೀರೂ ಎಡಕ್ಕೆ ಹರಿದು ಮರಳು ಸೇರಿತ್ತು. ಮರ್ರೀಯಲ್ಲಿ ಜಂಬ ಕೊಚ್ಚುವ ಭರದಲ್ಲಿ ಅದನ್ನು ಮುಚ್ಚಲು ಮರೆತಿದ್ದ. ಎಲ್ಲಾ ನಟ್ಟಿಗೂ ಗೆರೆ ಎಳೆದವನು ಆ ನಲ್ಲಿಗೆ ಮಾತ್ರ ಗೆರೆ ಎಳೆದಿರಲಿಲ್ಲ.

ಕೆಟಲಿನಲ್ಲಿದ್ದದ್ದು, ಬಾಟಲಿಯಲ್ಲಿದ್ದದ್ದು, ಫ್ರಿಜ್ಜಿನ ಐಸು, ಎಲ್ಲ ಸೇರಿ ಮೂರು ಲೀಟರ್ ಆಗಬಹುದು. ನಾಳೆ ಸಂಜೆಯವರೆಗೆ ಆ ದಾರಿಯಲ್ಲಿ ಯಾರೂ ಬರುವ ಭರವಸೆ ಇಲ್ಲ. ಅವನು ವರ್ನಾಳಿಗೆ ವಿಷಯ ಹೇಳಿ, ಎರಡು ಗಂಟೆಯಲ್ಲಿ ಸರಿಮಾಡುತ್ತೇನೆ ಎಂದ.

ಎರಡು ಗಂಟೆಯಾಯಿತು, ಮೂರಾಯಿತು. ಜಾಕು ಮರಳಿನಲ್ಲಿ ಕುಸಿಯುತ್ತಿತ್ತು. ಹಲಗೆ ಕೊಟ್ಟರೆ ಹಲಗೆಯೂ ಕುಸಿಯಿತು. ಒಮ್ಮೆ ಅದು ಪಕ್ಕಕ್ಕೆ ಜಾರಿ, ಲಾರಿಯ ಇಡೀ ಭಾರ ಅವನ ತೋಳಿನಿಂದ ಒಂದು ಗೇಣು ದೂರದಲ್ಲಿ ಬಂದು ಬಿತ್ತು. ಅಷ್ಟಾದರೂ ಮತ್ತೆ ಅಡಿಗೆ ತೂರಿದ. ವರ್ನಾ ನೀರು ತಂದಾಗಲೆಲ್ಲ ತನ್ನದು ಆಗಲೇ ಕುಡಿದಾಯಿತು ಎನ್ನುತ್ತಿದ್ದ. ಕಡೆಗೆ ಅವನು ಎದ್ದು ನಿಲ್ಲಲು ಹೋಗಿ ಚಕ್ರ ಹಿಡಿದು ಕೂತಾಗ ಅವಳಿಗೆ ಅರ್ಥವಾಯಿತು. ಅವನ ಅಂಗಿಯಲ್ಲಿ ಬೆವರೇ ಇರಲಿಲ್ಲ.

"ನೀನು ಒಂದು ಗುಟುಕೂ ಕುಡಿದಿಲ್ಲ, ಅಲ್ವಾ?"

"ಇನ್ನೊಂದು ಬೋಲ್ಟು ಕಣೇ, ಅಷ್ಟೇ."

"ನೀನು ಸತ್ರೆ ಈ ಗಾಡೀನ ಯಾರು ಓಡಿಸ್ತಾರೆ? ನನಗೆ ಕ್ಲಚ್ಚು ಕೂಡ ಎಟುಕಲ್ಲ. ಟಯರ್ ಸುಡು ಲೈಲ್."

ಹೊಗೆ ಕಂಡರೆ ಯಾರಾದರೂ ಬರುತ್ತಾರೆ, ಅದು ಅವನಿಗೂ ಗೊತ್ತಿತ್ತು. ಸ್ಟೆಪ್ನಿ ಟಯರು ಗಾಡಿಯ ಬೆನ್ನ ಮೇಲೆ ಹೊಚ್ಚ ಹೊಸದಾಗಿ ಮಿಂಚುತ್ತಿತ್ತು. ಅದನ್ನು ಸುಟ್ಟರೆ ಮೂವತ್ತು ಕಿಲೋಮೀಟರಿಗೆಲ್ಲ ತನ್ನ ಸೋಲಿನ ಡಂಗುರ ಹೊಡೆದಂತೆ. ಅವನು ಹೆಂಡತಿಯ ಮುಖ ನೋಡಿದ. ತುಟಿ ಬಿರಿದಿತ್ತು. ಲೈಲ್‌ಗೆ ಆಗ ನಿಜಕ್ಕೂ ಭಯವಾಯಿತು. ಟಯರು ಬಿಚ್ಚಿ, ದೂರಕ್ಕೆ ಉರುಳಿಸಿ, ಡೀಸೆಲ್ ಸುರಿದು ಬೆಂಕಿ ಕೊಟ್ಟ. ಕಪ್ಪು ಹೊಗೆ ನೆಟ್ಟಗೆ ಮೇಲಕ್ಕೆದ್ದಿತು. ಆಮೇಲೆ ನೆರಳಿಗೆ ಬಂದು, ಅವಳು ಕೊಟ್ಟ ನೀರನ್ನು ಅವಳ ಕಣ್ಣೆದುರಿಗೇ ಕುಡಿದ.

ಕೆಂಪು ಜೀಪು ಬರಲು ಒಂದು ಗಂಟೆ ಹಿಡಿಯಿತು. ಲೀಯಾನ್ ಎರಡು ಕ್ಯಾನು ನೀರು ಇಳಿಸಿ, ವರ್ನಾಳ ತಲೆಗೆ ಒದ್ದೆ ಬಟ್ಟೆ ಕಟ್ಟಿ, ಆಮೇಲೆ ಲೈಲ್ ಕಡೆ ತಿರುಗಿದಳು.

"ಹೆಬ್ಬೆರಳು ಎತ್ತಿದ್ರಲ್ಲ ಯಜಮಾನ್ರೇ?"

ಅವನಿಗೆ ನೆಲ ಬಿರಿಯಬಾರದೇ ಅನ್ನಿಸಿತು. "ನೋಡದೇ ಎತ್ತಿಬಿಟ್ಟೆ" ಅಂದ. ಅರವತ್ತಾರು ವರ್ಷದ ಆ ಮನುಷ್ಯ ಅಂಥ ಮಾತು ಆಡಿದ್ದನ್ನು ವರ್ನಾ ಕೇಳಿದ್ದು ಅದೇ ಮೊದಲು.

ಗಾಡಿಯನ್ನು ಅವರು ಬಿಡಲಿಲ್ಲ. ಮುಂದಿನ ಮೇ ತಿಂಗಳಲ್ಲಿ, ಚಳಿಯಲ್ಲೇ, ಅದೇ ದಾರಿಯಲ್ಲಿ ಊಟಕ್ಕೆಂದು ನಿಂತಿದ್ದರು. ಎದುರಿನಿಂದ ಬಂದ ಗಾಡಿಯವನೊಬ್ಬ ನಿಧಾನಿಸಿ, ಎಲ್ಲ ಸರಿಯೇ ಎಂದು ಕೇಳಿದ. ಲೈಲನ ಕೈ ಅಭ್ಯಾಸಬಲದಿಂದ ಮೇಲೇಳತೊಡಗಿತು. ವರ್ನಾ ಅದನ್ನು ಹಿಡಿದು ಅವನ ತೊಡೆಯ ಮೇಲಿಟ್ಟು ಕೆಳಗಿಳಿದಳು. ಬಗ್ಗಿ, ಹಿತ್ತಾಳೆ ನಲ್ಲಿಯ ಹಳದಿ ಗೆರೆ ನೋಡಿದಳು. ಎರಡು ಟ್ಯಾಂಕನ್ನೂ ತಟ್ಟಿ, ಅಂಗೈಯಿಂದ ಮರಳು ಮುಟ್ಟಿ ನೋಡಿದಳು. ದಾರಿಹೋಕ ಇಂಜಿನ್ ಆರಿಸಿ ಕಾಯುತ್ತಿದ್ದ. ಲೈಲ್ ಕೂಡ ಕಾಯುತ್ತಿದ್ದ, ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು. ಕೊನೆಗೆ ವರ್ನಾ ಸೊಂಟ ಹಿಡಿದು ಮೇಲೆದ್ದು, ತನ್ನ ಹೆಬ್ಬೆರಳು ಎತ್ತಿದಳು.